ಲಾಠಿ ಕಲಿಸುವವರಿಗೆ ಕಲಿಸುವವರು ಯಾರು?

ಪೊಲೀಸರ ಬಲಪ್ರಯೋಗದ ಬಗ್ಗೆ ನಮ್ಮಲ್ಲಿ ಗಟ್ಟಿಯಾಗಿ ಮಾತು ನಡೆಯುವುದು ಎರಡು ಸಂದರ್ಭಗಳಲ್ಲಿ. ಲಾಠಿ ಪ್ರಹಾರದ ವಿಡಿಯೊ ಎಲ್ಲರ ಮೊಬೈಲಿಗೂ ಬಂದಾಗ ಒಂದು, ಕಲ್ಲೇಟು ತಿಂದ ಪೊಲೀಸರು ಆಸ್ಪತ್ರೆ ಸೇರಿದಾಗ ಇನ್ನೊಂದು. ಮೊದಲನೆಯ ಸಂದರ್ಭದಲ್ಲಿ ಆದೇಶ ಕೊಟ್ಟ ಅಧಿಕಾರಿ ಯಾರು ಎಂದು ಕೇಳುತ್ತೇವೆ. ಎರಡನೆಯದರಲ್ಲಿ ಹೆಲ್ಮೆಟ್ಟು, ಗುರಾಣಿ ಸಾಕಷ್ಟು ಇದ್ದವೇ ಎಂದು ಕೇಳುತ್ತೇವೆ. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಆ ಲಾಠಿಯನ್ನೋ ಗುರಾಣಿಯನ್ನೋ ಹಿಡಿಯುವುದನ್ನು ಆ ಕಾನ್‌ಸ್ಟೆಬಲ್‌ಗೆ ಕಲಿಸಿದವರು ಯಾರು, ಕೊನೆಯ ಬಾರಿ ಕಲಿಸಿದ್ದು ಯಾವಾಗ, ಕಲಿಸಿದವರಿಗೆ ಕಲಿಸುವ ವಿದ್ಯೆ ಬರುತ್ತಿತ್ತೇ ಎಂದು ಯಾವ ವಿಚಾರಣಾ ವರದಿಯೂ ಸಾಮಾನ್ಯವಾಗಿ ಕೇಳುವುದಿಲ್ಲ. ಪತ್ರಿಕೆಗಳೂ ಕೇಳುವುದಿಲ್ಲ, ಶಾಸನಸಭೆಯೂ ಕೇಳುವುದಿಲ್ಲ. ಈ ಉಪನ್ಯಾಸದಲ್ಲಿ ನಾನು ಮಂಡಿಸಹೊರಟಿರುವುದು ಆ ಕೇಳದ ಪ್ರಶ್ನೆಯನ್ನೇ. ಪೊಲೀಸ್ ಬಲಪ್ರಯೋಗಕ್ಕೆ ಕಾನೂನು ಹಾಕುವ ಕಡಿವಾಣ, ನ್ಯಾಯಾಲಯ ಹಾಕುವ ಕಡಿವಾಣ ಇವೆಲ್ಲಕ್ಕಿಂತ ಮೊದಲು ಕೆಲಸ ಮಾಡುವ ಕಡಿವಾಣವೊಂದಿದೆ. ಅದು ಕವಾಯತು ಮೈದಾನದಲ್ಲಿ ನಿಂತ ಬೋಧಕ. ಅವನ ಆಯ್ಕೆ, ಅವನ ತರಬೇತಿ, ಅವನ ಮರುಪರೀಕ್ಷೆಯನ್ನು ಇಲಾಖೆಯ ಒಳಗಿನ ಸಣ್ಣ ಆಡಳಿತ ವಿಷಯವೆಂದು ಬಿಟ್ಟಿರುವುದು ನಾವು ಮಾಡುತ್ತಿರುವ ದೊಡ್ಡ ತಪ್ಪು.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಂ ಕಾನೂನುಬಾಹಿರ ಗುಂಪನ್ನು ಚದುರಿಸಲು ಮೊದಲು ಆಜ್ಞೆ, ಗುಂಪು ಮಣಿಯದಿದ್ದರೆ ಬಲ ಎಂದು ಹೇಳುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 129ನೇ ಕಲಮಿನಲ್ಲಿ ಇದ್ದದ್ದೂ ಇದೇ. ಬಂಧನಕ್ಕೆ ಸಂಬಂಧಿಸಿದ, ಹೊಸ ಸಂಹಿತೆಯ 43ನೇ ಕಲಂ, ವಿರೋಧ ಒಡ್ಡುವವನನ್ನು ಹಿಡಿಯಲು ಅಗತ್ಯವಾದ ಎಲ್ಲ ಕ್ರಮಗಳನ್ನು ಬಳಸಬಹುದು ಎನ್ನುತ್ತದೆ. ಎಷ್ಟು ಬಲ, ದೇಹದ ಯಾವ ಭಾಗಕ್ಕೆ, ಎಲ್ಲಿಯವರೆಗೆ, ಯಾವಾಗ ನಿಲ್ಲಿಸಬೇಕು ಎಂಬುದನ್ನು ಶಾಸನ ಹೇಳುವುದಿಲ್ಲ. ಹೇಳಲು ಸಾಧ್ಯವೂ ಇಲ್ಲ. ಪೊಲೀಸ್ ಕೈಪಿಡಿಗಳು ಒಂದು ಹೆಜ್ಜೆ ಮುಂದೆ ಹೋಗಿ, ಧ್ವನಿವರ್ಧಕದಲ್ಲಿ ಜನರ ಭಾಷೆಯಲ್ಲೇ ಎಚ್ಚರಿಕೆ ಕೊಡಿ, ಓಡಿಹೋಗಲು ದಾರಿ ಬಿಡಿ, ಸೊಂಟದ ಕೆಳಗೆ ಮಾತ್ರ ಹೊಡೆಯಿರಿ, ಚದುರಿದ ಕೂಡಲೇ ನಿಲ್ಲಿಸಿ ಎಂದು ವಿಧಿಸುತ್ತವೆ. ಆದರೆ ಕಲ್ಲು ತೂರಿಬರುವ ಬೀದಿಯಲ್ಲಿ ಕೈಪಿಡಿಯ ಪುಟವನ್ನು ಯಾರೂ ನೆನೆಯುವುದಿಲ್ಲ. ಆ ಕ್ಷಣದಲ್ಲಿ ಕೆಲಸ ಮಾಡುವುದು ಮೈಗೆ ಹತ್ತಿದ ಅಭ್ಯಾಸ. ಅಭ್ಯಾಸ ಸರಿಯಿದ್ದರೆ ಕೈಪಿಡಿ ತಾನಾಗಿಯೇ ಪಾಲನೆಯಾಗುತ್ತದೆ. ಅಭ್ಯಾಸವೇ ಇಲ್ಲದಿದ್ದರೆ ಭಯ, ಸಿಟ್ಟು ಇವು ಕೈಯನ್ನು ನಡೆಸುತ್ತವೆ.

ಲಾಠಿಯನ್ನೇ ತೆಗೆದುಕೊಳ್ಳಿ. ಯಾವ ತರಬೇತಿಯೂ ಇಲ್ಲದ ಮನುಷ್ಯನ ಕೈಗೆ ಉದ್ದನೆಯ ಕೋಲು ಕೊಟ್ಟರೆ ಅವನು ಅದನ್ನು ತಲೆಯ ಮೇಲಕ್ಕೆ ಎತ್ತಿ ಕೆಳಕ್ಕೆ ಬಡಿಯುತ್ತಾನೆ. ಮೈಯ ಸಹಜ ಚಲನೆ ಅದು. ಸೌದೆ ಸೀಳುವಾಗ, ಹಾವು ಹೊಡೆಯುವಾಗ ತೋಳು ಹೋಗುವ ದಾರಿಯೂ ಅದೇ. ಹಾಗೆ ಇಳಿದ ಕೋಲು ಎದುರಿನವನ ತಲೆ, ಕುತ್ತಿಗೆ, ಹೆಗಲ ಮೂಳೆ ಇವುಗಳಲ್ಲಿ ಒಂದಕ್ಕೆ ತಾಗುತ್ತದೆ. ತೊಡೆಗೆ ಹೊಡೆಯಬೇಕಾದರೆ ಆ ಸಹಜ ಚಲನೆಯನ್ನೇ ಮುರಿಯಬೇಕು. ಮುಂಗಾಲು ಊರಿ, ಮಂಡಿ ಬಗ್ಗಿಸಿ, ಮಣಿಕಟ್ಟನ್ನು ಸೊಂಟದ ಮಟ್ಟಕ್ಕೆ ಇಳಿಸಿ, ಕೋಲನ್ನು ಅಡ್ಡಡ್ಡಲಾಗಿ ಬೀಸಬೇಕು. ಬೀಸಿದ ಮೇಲೆ ಕೂಡಲೇ ಹಿಂದಕ್ಕೆ ಎಳೆದು ಕಾಯುವ ಭಂಗಿಗೆ ಬರಬೇಕು. ಈ ಕೊನೆಯದು ಎಲ್ಲಕ್ಕಿಂತ ಕಷ್ಟದ ಪಾಠ. ಒಂದು ಪೆಟ್ಟಿನ ನಂತರ ನೋಡಬೇಕು: ಎದುರಿನವನು ಓಡಿದನೇ, ಬಿದ್ದನೇ, ಕೈ ಎತ್ತಿದನೇ? ನೋಡದೆ ಬೀಳುವ ಎರಡನೆಯ ಪೆಟ್ಟಿಗೆ ಕಾನೂನಿನ ಬೆಂಬಲವಿಲ್ಲ. ಈ ಇಡೀ ಸರಣಿಯನ್ನು ನೂರಾರು ಸಲ ಮಾಡಿಸಿ, ಪ್ರತಿ ಸಲವೂ ಪಾದ ಎಲ್ಲಿದೆ, ಮೊಣಕೈ ಎಷ್ಟು ಎತ್ತರ ಎದ್ದಿದೆ, ಪೆಟ್ಟಿನ ನಂತರ ಕಣ್ಣು ಎಲ್ಲಿ ಹೋಯಿತು ಎಂದು ಗಮನಿಸಿ ತಿದ್ದುವವರು ಇಲ್ಲದೆ ಇದು ಯಾರಿಗೂ ಬರುವುದಿಲ್ಲ. ಮೈದಾನದಲ್ಲಿ ಇನ್ನೂರು ಜನ ಸಾಲಾಗಿ ನಿಂತು ಒಂದೇ ತಾಳಕ್ಕೆ ಲಾಠಿ ಎತ್ತಿಳಿಸುವ ಪ್ರದರ್ಶನ ನೋಡಲು ಚೆಂದ. ಅದರಲ್ಲಿ ಶಿಸ್ತು ಕಾಣುತ್ತದೆ, ವಿವೇಚನೆ ಕಾಣುವುದಿಲ್ಲ.

ಗುರಾಣಿಯ ವಿಷಯ ಇನ್ನೂ ಮುಖ್ಯ, ಏಕೆಂದರೆ ಅದು ಯಾರಿಗೂ ನೋವು ಮಾಡದ ಸಲಕರಣೆ. 1990ರಲ್ಲಿ ಹವಾನಾದಲ್ಲಿ ನಡೆದ ವಿಶ್ವಸಂಸ್ಥೆಯ ಅಪರಾಧ ತಡೆ ಸಮ್ಮೇಳನ ಅಂಗೀಕರಿಸಿದ ಬಲಪ್ರಯೋಗದ ಮೂಲತತ್ವಗಳಲ್ಲಿ ಎರಡನೆಯದು ಇದನ್ನು ನೇರವಾಗಿ ಹೇಳುತ್ತದೆ. ಗುರಾಣಿ, ಹೆಲ್ಮೆಟ್ಟು, ಗುಂಡುನಿರೋಧಕ ಕವಚ, ಗುಂಡುನಿರೋಧಕ ವಾಹನ ಇಂಥ ಆತ್ಮರಕ್ಷಣೆಯ ಸಾಧನಗಳನ್ನು ಪೊಲೀಸರಿಗೆ ಕೊಡಬೇಕು, ಯಾವುದೇ ಆಯುಧವನ್ನು ಬಳಸುವ ಅಗತ್ಯವೇ ಅದರಿಂದ ಕಡಿಮೆಯಾಗಬೇಕು ಎಂಬುದು ಅದರ ಆಶಯ. ಪೊಲೀಸನ ಮೈ ಭದ್ರವಾಗಿದ್ದರೆ ಅವನ ಮನಸ್ಸಿಗೆ ಸಮಯ ಸಿಗುತ್ತದೆ. ಕಲ್ಲು ಬಿದ್ದರೂ ನಿಲ್ಲಬಲ್ಲವನು ಕಾಯಬಲ್ಲ. ನಿಲ್ಲಲಾರದವನಿಗೆ ಉಳಿಯುವ ದಾರಿ ಓಡುವುದು ಅಥವಾ ಹೊಡೆಯುವುದು. ಆದರೆ ಗುರಾಣಿ ಒಬ್ಬನ ಸಲಕರಣೆಯಲ್ಲ, ಸಾಲಿನ ಸಲಕರಣೆ. ಪಕ್ಕದವನ ಗುರಾಣಿಯ ಅಂಚಿನ ಮೇಲೆ ತನ್ನ ಅಂಚು ಬರುವಂತೆ ಹಿಡಿಯುವುದು, ಕೆಳಗಿನ ಅಂಚು ಮೊಣಕಾಲು ಮುಚ್ಚುವಂತೆ ಇಳಿಸುವುದು, ಹಿಂದೆ ಸರಿಯುವಾಗ ಬೆನ್ನು ತೋರದೆ ಒಟ್ಟಿಗೆ ಸರಿಯುವುದು, ಗಾಯಗೊಂಡವನನ್ನು ಸಾಲು ಒಡೆಯದೆ ಹಿಂದಕ್ಕೆ ತೆಗೆದುಕೊಳ್ಳುವುದು ಇವೆಲ್ಲ ಕೂಡಿ ಅಭ್ಯಾಸ ಮಾಡಿದವರಿಗೆ ಮಾತ್ರ ಬರುತ್ತವೆ. ಬೆಳಿಗ್ಗೆ ಬೇರೆ ಬೇರೆ ಠಾಣೆಗಳಿಂದ ಬಂದೋಬಸ್ತಿಗೆ ಕರೆಸಿಕೊಂಡವರ ಕೈಗೆ ವ್ಯಾನಿನಿಂದ ಇಳಿಸಿದ ಪಾಲಿಕಾರ್ಬೊನೇಟ್ ಗುರಾಣಿ ಕೊಟ್ಟರೆ ಅದು ಪ್ರತಿಯೊಬ್ಬನ ಮುಖ ಮುಚ್ಚಿಕೊಳ್ಳುವ ಹಲಗೆಯಾಗುತ್ತದೆ, ಸಾಲು ಆಗುವುದಿಲ್ಲ. ಸಾಲು ಒಡೆದ ಮೇಲೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲಿ ಪುಸ್ತಕದ ಉದಾಹರಣೆ ಬೇಕಿಲ್ಲ. 1980ರ ಜುಲೈನ ನರಗುಂದ, ನವಲಗುಂದ, 2008ರ ಜೂನ್‌ನ ಹಾವೇರಿ ಎಂಬ ಹೆಸರುಗಳು ಸಾಕು. ಆ ಗೋಲಿಬಾರುಗಳಿಗೆ ರಾಜಕೀಯ ಕಾರಣಗಳಿದ್ದವು, ಆಡಳಿತದ ವೈಫಲ್ಯಗಳಿದ್ದವು. ಅವನ್ನು ತರಬೇತಿಯ ಲೆಕ್ಕಕ್ಕೆ ಹಚ್ಚಿ ಕೈತೊಳೆದುಕೊಳ್ಳುವುದು ಅನ್ಯಾಯ. ಇಷ್ಟು ಮಾತ್ರ ಹೇಳಬಹುದು: ಗುಂಪು ಮತ್ತು ಬಂದೂಕಿನ ನಡುವೆ ನಿಂತು ಹತ್ತು ನಿಮಿಷ ತಡೆದುಕೊಳ್ಳಬಲ್ಲ ಸಾಲೊಂದು ಇದ್ದರೆ ಆ ಹತ್ತು ನಿಮಿಷದಲ್ಲಿ ಮಾತುಕತೆಗೆ ಜಾಗ ಹುಟ್ಟುತ್ತದೆ.

ಇನ್ನು ಬೋಧಕನ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ನಾನು ಅಮೆರಿಕದ ಮೂರು ಘಟನೆಗಳನ್ನು ಸಾಕ್ಷ್ಯವಾಗಿ ತರುತ್ತೇನೆ. ಆ ದೇಶದ ಪೊಲೀಸ್ ನಮಗೆ ಮಾದರಿ ಎಂದಲ್ಲ. ಅಲ್ಲಿ ವಿಚಾರಣೆಯ ವಿವರಗಳೆಲ್ಲ ಬಹಿರಂಗವಾಗಿ ದಾಖಲಾಗಿವೆ, ಆದ್ದರಿಂದ. ಮೊದಲನೆಯದು 1991ರ ಮಾರ್ಚ್ 3ರಂದು ಲಾಸ್ ಏಂಜಲಿಸ್‌ನಲ್ಲಿ ಪೊಲೀಸರು ರಾಡ್ನಿ ಕಿಂಗ್ ಅವರನ್ನು ಹೊಡೆದದ್ದು. ಅದೇ ವರ್ಷ ಜುಲೈನಲ್ಲಿ ವರದಿ ಕೊಟ್ಟ ಕ್ರಿಸ್ಟೊಫರ್ ಆಯೋಗ 56 ಲಾಠಿ ಪೆಟ್ಟುಗಳನ್ನು ಎಣಿಸಿತು. ಹೆಚ್ಚಿನ ಪೆಟ್ಟು ಹಾಕಿದ ಅಧಿಕಾರಿ ಆ ರಾತ್ರಿ ಕರ್ತವ್ಯಕ್ಕೆ ಇಳಿಯುವ ಮುನ್ನ ಹಾಜರಾತಿಯ ಹೊತ್ತಿನಲ್ಲಿ ಲಾಠಿ ಅಭ್ಯಾಸ ಮಾಡಿದ್ದ. ಅವನ ಪೆಟ್ಟು ದುರ್ಬಲವಾಗಿದೆ, ಪರಿಣಾಮಕಾರಿಯಾಗಿಲ್ಲ ಎಂದು ಮೇಲಿನವರು ಟೀಕಿಸಿದ್ದರು. ಟೀಕಿಸಿ, ಅದೇ ಲಾಠಿ ಸಹಿತ ಅವನನ್ನು ಗಸ್ತಿಗೆ ಕಳಿಸಿದರು. ಅಷ್ಟೇ ಅಲ್ಲ, ಆ ರಾತ್ರಿ ಅವನ ಕಾರಿನಲ್ಲಿ ಪ್ರೊಬೇಷನರಿ ಅಧಿಕಾರಿಯೊಬ್ಬ ಇದ್ದ. ಅವನಿಗೆ ಕೆಲಸ ಕಲಿಸುವ ಕ್ಷೇತ್ರ ತರಬೇತುದಾರ ಇವನೇ. ಲಾಠಿ ಸರಿಯಾಗಿ ಬಾರದವನು ಇನ್ನೊಬ್ಬನಿಗೆ ಗುರು. ಕಲಿಯುವವನೂ ಆ ರಾತ್ರಿ ಹೊಡೆದ. ಎರಡನೆಯದು 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಅವರ ಸಾವು. ಬೇಡಿ ತೊಡಿಸಿ ಕವುಚಿ ಮಲಗಿಸಿದ ಮನುಷ್ಯನ ಕುತ್ತಿಗೆ, ಬೆನ್ನಿನ ಮೇಲೆ 9 ನಿಮಿಷ 29 ಸೆಕೆಂಡು ಮೊಣಕಾಲಿಟ್ಟ ಡೆರೆಕ್ ಶೋವಿನ್ 19 ವರ್ಷ ಸೇವೆ ಮಾಡಿದವನು, ಸ್ಥಳದಲ್ಲಿದ್ದ ಇಬ್ಬರು ಹೊಸಬರಲ್ಲಿ ಒಬ್ಬನಿಗೆ ಅವನೇ ಕ್ಷೇತ್ರ ತರಬೇತುದಾರನಾಗಿದ್ದವನು. ಬೇಡಿ ಹಾಕಿದವನನ್ನು ಕವುಚಿ ಬಿಡಬಾರದು, ಉಸಿರುಕಟ್ಟುತ್ತದೆ, ಕೂಡಲೇ ಹೊಟ್ಟೆಯ ಮೇಲಿಂದ ಹೊರಳಿಸಬೇಕು ಎಂದು ಅಮೆರಿಕದ ನ್ಯಾಯ ಇಲಾಖೆಯ ಸಂಶೋಧನಾ ವಿಭಾಗ 1995ರಲ್ಲೇ ಪೊಲೀಸರಿಗೆ ಎಚ್ಚರಿಕೆ ಕೊಟ್ಟಿತ್ತು. ಹೊಸಬರಲ್ಲಿ ಒಬ್ಬನಿಗೆ ಅಕಾಡೆಮಿಯ ಆ ಪಾಠ ಇನ್ನೂ ಹಸಿಯಾಗಿ ನೆನಪಿತ್ತು. ಇವನನ್ನು ಪಕ್ಕಕ್ಕೆ ಹೊರಳಿಸೋಣವೇ ಎಂದು ಎರಡು ಸಲ ಕೇಳಿದ. ಹಿರಿಯ ಬೇಡವೆಂದ. ಕಿರಿಯ ಸುಮ್ಮನಾದ. ಮುಂದೆ ನ್ಯಾಯಾಲಯದಲ್ಲಿ ಆ ಇಲಾಖೆಯ ತರಬೇತಿ ವಿಭಾಗದ ಮುಖ್ಯಸ್ಥೆ, ಬಲಪ್ರಯೋಗದ ಬೋಧಕ ಇಬ್ಬರೂ ಇದು ನಾವು ಕಲಿಸಿದ್ದಲ್ಲ ಎಂದು ಸಾಕ್ಷ್ಯ ನುಡಿದರು. ಮೂರನೆಯದು 2021ರ ಏಪ್ರಿಲ್ 11ರಂದು ಅದೇ ಮಿನಿಯಾಪೊಲಿಸ್ ಪಕ್ಕದ ಬ್ರೂಕ್ಲಿನ್ ಸೆಂಟರ್‌ನಲ್ಲಿ ನಡೆದದ್ದು. 26 ವರ್ಷ ಅನುಭವದ ಮಹಿಳಾ ಅಧಿಕಾರಿ ಸೊಂಟದ ಎಡಗಡೆಯ ಟೇಸರ್ (ವಿದ್ಯುದಾಘಾತದ ಸಾಧನ) ತೆಗೆಯುತ್ತಿದ್ದೇನೆಂದು ತಿಳಿದು ಬಲಗಡೆಯ ಪಿಸ್ತೂಲು ಸೆಳೆದು ಯುವಕನೊಬ್ಬನನ್ನು ಕೊಂದರು. ಅಂದು ಅವರೂ ಹೊಸ ಅಧಿಕಾರಿಯೊಬ್ಬನಿಗೆ ಕ್ಷೇತ್ರ ತರಬೇತಿ ಕೊಡುತ್ತಿದ್ದರು.

ಮೂರೂ ಘಟನೆಗಳಲ್ಲಿ ಸಲಕರಣೆ ಬೇರೆ ಬೇರೆ: ಲಾಠಿ, ಬೇಡಿ, ವಿದ್ಯುದಾಘಾತದ ಸಾಧನ. ಮೂರರಲ್ಲೂ ಸ್ಥಳದಲ್ಲಿ ಒಬ್ಬ ಕಲಿಸುವವನಿದ್ದ, ಒಬ್ಬ ಕಲಿಯುವವನಿದ್ದ. ತಪ್ಪು ಮಾಡಿದ್ದು ಕಲಿಸುವವನು. ಇದನ್ನು ಕಾಕತಾಳೀಯ ಎಂದು ತಳ್ಳಿಹಾಕಬಹುದು. ಸಾವಿರಾರು ಕ್ಷೇತ್ರ ತರಬೇತುದಾರರು ನಿರಪಾಯವಾಗಿ ಕೆಲಸ ಮಾಡುತ್ತಿದ್ದಾರೆ ಎಂಬುದೂ ನಿಜ. ಆದರೆ ನನ್ನ ವಾದಕ್ಕೆ ಬೇಕಾದದ್ದು ಎಷ್ಟು ಸಲ ಹೀಗಾಗುತ್ತದೆ ಎಂಬ ಲೆಕ್ಕವಲ್ಲ, ಆ ಮೂರೂ ಕಡೆ ವ್ಯವಸ್ಥೆ ಏನನ್ನು ಬೋಧಕನ ಅರ್ಹತೆ ಎಂದು ಒಪ್ಪಿಕೊಂಡಿತ್ತು ಎಂಬುದು. ಸೇವೆಯ ಅನುಭವವೇ ಅರ್ಹತೆಯೆಂಬ ನಂಬಿಕೆ ಅಲ್ಲಿತ್ತೆಂದು ನನಗೆ ಅನಿಸುತ್ತದೆ. ಇಪ್ಪತ್ತು ವರ್ಷ ಕೆಲಸ ಮಾಡಿದವನಿಗೆ ಎಲ್ಲ ಗೊತ್ತಿರುತ್ತದೆ ಎಂದು ನಾವೂ ನಂಬುತ್ತೇವೆ. ಅನುಭವವೇ ದೊಡ್ಡ ಗುರು, ಮೈದಾನದ ಪಾಠವೆಲ್ಲ ಬೀದಿಗೆ ಇಳಿದ ಮೇಲೆ ಮರೆತುಹೋಗುತ್ತದೆ ಎಂಬ ಮಾತನ್ನು ಪೊಲೀಸ್ ಠಾಣೆಗಳಲ್ಲಿ ಹಿರಿಯರು ಕಿರಿಯರಿಗೆ ಹೇಳುವುದುಂಟು. ಅದರಲ್ಲಿ ಅರ್ಧ ಸತ್ಯವಿದೆ. ಬೀದಿ ಕಲಿಸುತ್ತದೆ, ಆದರೆ ತಪ್ಪನ್ನೂ ಅಷ್ಟೇ ಗಟ್ಟಿಯಾಗಿ ಕಲಿಸುತ್ತದೆ. ತಲೆಗೆ ಹೊಡೆದ ಪೆಟ್ಟು ಯಾರಿಗೂ ಪ್ರಾಣಾಪಾಯ ಮಾಡದೆ ನೂರು ಸಲ ದಕ್ಕಿದರೆ ಅದೇ ಸರಿ ಎಂದು ಕೈಗೆ ಅಭ್ಯಾಸವಾಗುತ್ತದೆ; ನೂರಾ ಒಂದನೆಯ ಸಲ ಅದು ಕೊಲೆಯಾಗುತ್ತದೆ. ತಪ್ಪು ಮಾಡಿದ ಕೂಡಲೇ ತಪ್ಪು ಎಂದು ಹೇಳುವವರಿದ್ದರೆ ಮಾತ್ರ ಅನುಭವ ವಿದ್ಯೆಯಾಗುತ್ತದೆ. ಬೀದಿಯಲ್ಲಿ ಹಾಗೆ ಹೇಳುವವರು ಇಲ್ಲ.

ಹಾಗಾದರೆ ಬೋಧಕನಿಗೆ ಬೇಕಾದ ವಿದ್ಯೆ ಯಾವುದು? ಹಳೆ ಮೈಸೂರಿನ ಗರಡಿಮನೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಅತಿ ಹೆಚ್ಚು ಕುಸ್ತಿ ಗೆದ್ದವನೇ ವಸ್ತಾದನಾಗಬೇಕೆಂದಿಲ್ಲ. ಇನ್ನೊಬ್ಬನ ಮೈಯಲ್ಲಿ ತಪ್ಪು ಎಲ್ಲಿ ಹುಟ್ಟುತ್ತಿದೆ ಎಂದು ಗುರುತಿಸುವ ಕಣ್ಣು ಬೇರೆ, ತಾನು ಪಟ್ಟು ಹಾಕುವ ಬಲ ಬೇರೆ. ಪೊಲೀಸ್ ಬೋಧಕನಿಗೆ ಮೊದಲು ಬೇಕಾದದ್ದು ಆ ಕಣ್ಣು. ಎರಡನೆಯದಾಗಿ ದೇಹದ ಅರಿವು ಬೇಕು. ಪೆಟ್ಟು ಎಲ್ಲಿ ಬಿದ್ದರೆ ನೋವು ಮಾತ್ರ, ಎಲ್ಲಿ ಬಿದ್ದರೆ ಗಾಯ, ಎಲ್ಲಿ ಬಿದ್ದರೆ ಸಾವು ಎಂದು ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ಮನುಷ್ಯಾಕೃತಿಯ ಮೇಲೆ ಗುರುತಿಸಿದ ಪಟ ಲಾಠಿ ತಯಾರಕರ ತರಬೇತಿಯಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ತಲೆ, ಕುತ್ತಿಗೆ, ಬೆನ್ನುಹುರಿ, ಮೂತ್ರಪಿಂಡದ ಜಾಗ, ಹೊಟ್ಟೆ ಇವುಗಳಿಗೆ ಲಾಠಿ ತಾಗಬಾರದು ಎಂಬುದನ್ನು 2020ರ ವಿಶ್ವಸಂಸ್ಥೆ ಮಾರ್ಗಸೂಚಿಯೂ ಹೇಳುತ್ತದೆ. ಬೇಡಿ ಬಿಗಿಯಾದರೆ ಮಣಿಕಟ್ಟಿನ ನರಕ್ಕೆ ಏನಾಗುತ್ತದೆ, ಎರಡನೆಯ ಲಾಕ್ ಏಕೆ ಹಾಕಬೇಕು, ಹಾಕಿದ ಮೇಲೆ ಬೆರಳು ತೂರಿಸಿ ಏಕೆ ನೋಡಬೇಕು ಎಂಬುದನ್ನು ಅವನು ಕಾರಣ ಸಹಿತ ಹೇಳಬಲ್ಲವನಾಗಿರಬೇಕು. ಅಶ್ರುವಾಯು ಶೆಲ್ಲನ್ನು ಗುಂಪಿನ ಮೇಲೆ ನೇರಕ್ಕೆ ಹಾರಿಸಬಾರದು, ಕೋನ ಹಿಡಿದು ಮೇಲಕ್ಕೆ ಹಾರಿಸಬೇಕು ಎಂಬುದನ್ನು ಯಾರಾದರೂ ಬಾಯಿಪಾಠ ಮಾಡಿಸಬಹುದು. ಆದರೆ 2019ರಲ್ಲಿ ಬಾಗ್ದಾದಿನ ಬೀದಿಗಳಲ್ಲಿ ಯುವಕರ ತಲೆಬುರುಡೆಗೆ ಶೆಲ್ಲುಗಳು ಹೊಕ್ಕು ಪ್ರಾಣ ತೆಗೆದವು ಎಂಬುದನ್ನು ತಿಳಿಸಿ, ಹಾರಿಸುವ ಮುನ್ನ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ಪ್ರತಿ ಸಲವೂ ನೋಡಿಸುವವನೇ ನಿಜವಾದ ಬೋಧಕ.

ಮೂರನೆಯದು ಒತ್ತಡದಲ್ಲಿ ಕಲಿಸುವ ವಿದ್ಯೆ, ನಮ್ಮಲ್ಲಿ ಅತ್ಯಂತ ಕಡಿಮೆ ಇರುವುದು. ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರಾದ ನ್ಯೂವೆನ್‌ಹೌಸ್ ಮತ್ತು ಔಡೆಯಾನ್ಸ್ ಡಚ್ ಪೊಲೀಸರ ಮೇಲೆ ನಡೆಸಿದ ಪ್ರಯೋಗಗಳು ಇದನ್ನು ಚೆನ್ನಾಗಿ ತೋರಿಸಿವೆ. ನಿರ್ಜೀವ ಗುರಿಗೆ ಚೆನ್ನಾಗಿ ಗುಂಡು ಹೊಡೆಯುವವರೇ, ಎದುರಿನಿಂದ ತಿರುಗಿ ಹೊಡೆಯುವ ವ್ಯಕ್ತಿ ಇದ್ದಾಗ ಗುರಿ ತಪ್ಪುತ್ತಿದ್ದರು. ಅಂಥದೇ ಒತ್ತಡ ಹಾಕಿ ಅಭ್ಯಾಸ ಮಾಡಿಸಿದ ಗುಂಪಿನಲ್ಲಿ ಆ ಕುಸಿತ ಮಾಯವಾಯಿತು, ನಾಲ್ಕು ತಿಂಗಳ ನಂತರವೂ ಲಾಭ ಉಳಿದಿತ್ತು. ಸಾಮಾನ್ಯ ಅಭ್ಯಾಸ ಮಾಡಿದ ಗುಂಪಿಗೆ ಅದು ದಕ್ಕಲಿಲ್ಲ. ಪ್ರಯೋಗ ಪಿಸ್ತೂಲಿನದು, ಆದರೂ ತತ್ವ ಲಾಠಿಗೂ ಗುರಾಣಿಗೂ ಅನ್ವಯಿಸುತ್ತದೆ ಎಂದು ನಾನು ನಂಬುತ್ತೇನೆ, ಏಕೆಂದರೆ ಕುಸಿಯುವುದು ಆಯುಧವಲ್ಲ, ಹಿಡಿದವನ ಗಮನ. ಆದ್ದರಿಂದ ಬೋಧಕನೇ ದಪ್ಪ ಮೆತ್ತೆಯ ಕವಚ ತೊಟ್ಟು ಗುಂಪಿನವನಾಗಿ ಎದುರು ನಿಲ್ಲಬೇಕು, ಕೂಗಬೇಕು, ಬೈಯಬೇಕು, ನೂಕಬೇಕು, ಮತ್ತು ನಡುವೆ ಒಮ್ಮೆಲೇ ಕೈಯೆತ್ತಿ ಶರಣಾಗಬೇಕು. ಆಗ ಪ್ರಶಿಕ್ಷಣಾರ್ಥಿಯ ಲಾಠಿ ಅರ್ಧದಲ್ಲಿ ನಿಲ್ಲುತ್ತದೆಯೇ ಎಂಬುದೇ ಪರೀಕ್ಷೆ. ಬೈಗುಳ ಕೇಳಿಯೂ ಕೈ ತಡೆಯುವುದು ಕಾನೂನು ತರಗತಿಯ ಬೆಂಚಿನ ಮೇಲೆ ಕಲಿಯುವ ವಿಷಯವಲ್ಲ. ಇಂಥ ಪಾಠವನ್ನು ಸುರಕ್ಷಿತವಾಗಿ, ಯಾರ ಮಾನವೂ ಹೋಗದಂತೆ, ಯಾರ ಮೂಳೆಯೂ ಮುರಿಯದಂತೆ ನಡೆಸುವುದು ದೊಡ್ಡ ಕಸುಬು, ಮತ್ತು ಆ ಕಸುಬನ್ನು ಬೇರೆಯಾಗಿಯೇ ಕಲಿಸಬೇಕು.

ನಮ್ಮಲ್ಲಿ ಪರಿಸ್ಥಿತಿ ಹೇಗಿದೆ? ಪೊಲೀಸ್ ತರಬೇತಿಯನ್ನು ಅಧ್ಯಯನ ಮಾಡಿದ ಎಂ.ಎಸ್. ಗೋರೆ ಸಮಿತಿ ವರದಿ ಕೊಟ್ಟದ್ದು 1973ರಲ್ಲಿ. ಅದರ ಫಲವಾಗಿ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೊದಲ್ಲಿ ತರಬೇತಿಗೆಂದೇ ವಿಭಾಗ ಹುಟ್ಟಿತು. ಮುಂದೆ ಭೋಪಾಲಿನಲ್ಲಿ ಕೇಂದ್ರೀಯ ಪೊಲೀಸ್ ತರಬೇತಿ ಅಕಾಡೆಮಿ ಬಂತು. ಗುಂಪು ನಿಯಂತ್ರಣಕ್ಕೆಂದೇ 1992ರಲ್ಲಿ ಕ್ಷಿಪ್ರ ಕಾರ್ಯಪಡೆ ಕಾರ್ಯಾರಂಭ ಮಾಡಿತು. ಅದರ ಬೆಟಾಲಿಯನ್ ಒಂದಕ್ಕೆ 2021ರಲ್ಲಿ ನಮ್ಮ ಭದ್ರಾವತಿಯಲ್ಲೇ ಶಂಕುಸ್ಥಾಪನೆಯಾಗಿದೆ. ಮೈಸೂರಿನ ಕರ್ನಾಟಕ ಪೊಲೀಸ್ ಅಕಾಡೆಮಿಯಿಂದ ಹಿಡಿದು ಚನ್ನಪಟ್ಟಣ, ಖಾನಾಪುರ, ಕಲಬುರಗಿಗಳ ತರಬೇತಿ ಶಾಲೆಗಳವರೆಗೆ, ಮುನಿರಾಬಾದಿನ ಮೀಸಲು ಪೊಲೀಸ್ ತರಬೇತಿ ಶಾಲೆಯವರೆಗೆ ರಾಜ್ಯದಲ್ಲಿ ಜಾಲವೇನೋ ಇದೆ. ಕಟ್ಟಡಗಳ ಕೊರತೆ ನಮ್ಮ ಮುಖ್ಯ ಕೊರತೆಯಲ್ಲ. ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳು ಸಿದ್ಧಪಡಿಸಿದ 2019ರ ಭಾರತೀಯ ಪೊಲೀಸ್ ಸ್ಥಿತಿಗತಿ ವರದಿಯ ಪ್ರಕಾರ ಐದು ವರ್ಷಗಳ ಸರಾಸರಿ ತೆಗೆದರೆ ದೇಶದ ಪೊಲೀಸ್ ಬಲದಲ್ಲಿ ಸೇವಾವಧಿಯ ತರಬೇತಿ ಸಿಕ್ಕಿದ್ದು ಶೇ 6.4ರಷ್ಟು ಮಂದಿಗೆ. ಸಿಕ್ಕವರಲ್ಲೂ ಮೇಲಿನ ಅಧಿಕಾರಿಗಳ ಪಾಲು ಹೆಚ್ಚು. ಅಂದರೆ ನಿರ್ಗಮನ ಪಥಸಂಚಲನದ ದಿನ ಮೈದಾನ ಬಿಟ್ಟ ಕಾನ್‌ಸ್ಟೆಬಲ್ ಹತ್ತಾರು ವರ್ಷ ಲಾಠಿ ಹಿಡಿದೇ ಇರುತ್ತಾನೆ, ಅವನ ಪೆಟ್ಟನ್ನು ತಿದ್ದುವವರು ಬರುವುದೇ ಇಲ್ಲ.

ಇದಕ್ಕೆ ಕಾರಣ ಹಣವಷ್ಟೇ ಅಲ್ಲ. ತರಬೇತಿ ಶಾಲೆಗೆ ವರ್ಗವಾಗುವುದನ್ನು ಮೂಲೆಗೆ ತಳ್ಳಿದಂತೆ ಎಂದು ಭಾವಿಸುವ ಸಂಸ್ಕೃತಿ ಇಡೀ ದೇಶದ ಪೊಲೀಸ್ ಇಲಾಖೆಗಳಲ್ಲಿದೆ. ಠಾಣೆಯ ಅಧಿಕಾರ ಅಲ್ಲಿಲ್ಲ, ಹೆಸರು ಬರುವ ಕೆಲಸವಿಲ್ಲ. ಕೇಂದ್ರ ಸರ್ಕಾರ ತನ್ನ ಅಕಾಡೆಮಿಗಳ ಬೋಧಕರಿಗೆ ಮೂಲವೇತನದ ಶೇ 30ರಷ್ಟು ತರಬೇತಿ ಭತ್ಯೆ ಕೊಡುತ್ತಿತ್ತು. ಏಳನೇ ವೇತನ ಆಯೋಗದ ನಂತರ ಅದು ಶೇ 24ಕ್ಕೆ ಇಳಿಯಿತು. ಭತ್ಯೆ ಬೇಕು. ಆದರೆ ಭತ್ಯೆಯಿಂದ ಮನಸ್ಸಿಲ್ಲದವನನ್ನು ತಡೆದಿಡಬಹುದು, ಬೋಧಕನನ್ನು ಹುಟ್ಟಿಸಲಾಗದು. ಇನ್ನೊಂದು ದೋಷ ಹೆಚ್ಚು ಆಳದ್ದು. ನಮ್ಮ ತರಬೇತಿ ಶಾಲೆಗಳಲ್ಲಿ ಒಳಾಂಗಣ, ಹೊರಾಂಗಣ ಎಂಬ ಎರಡು ಲೋಕಗಳಿವೆ. ಒಳಾಂಗಣದಲ್ಲಿ ಕಾನೂನು, ಮಾನವ ಹಕ್ಕು, ಸಂವಿಧಾನ. ಹೊರಾಂಗಣದಲ್ಲಿ ಕವಾಯತು, ಲಾಠಿ, ಬಂದೂಕು. ಒಳಗೆ ಪಾಠ ಹೇಳುವವರಿಗೆ ಲಾಠಿ ಹಿಡಿಯಲು ಬರುವುದಿಲ್ಲ, ಹೊರಗೆ ಲಾಠಿ ಹಿಡಿಸುವವರಿಗೆ ಕಲಂ ಹೇಳಲು ಅವಕಾಶವಿಲ್ಲ. ಪ್ರಶಿಕ್ಷಣಾರ್ಥಿಯ ಮನಸ್ಸಿನಲ್ಲಿ ಎರಡೂ ಬೇರೆ ಬೇರೆ ಖಾನೆಗಳಾಗಿ ಉಳಿಯುತ್ತವೆ. ಕಾನೂನು ಪರೀಕ್ಷೆಗೆ, ಲಾಠಿ ಬೀದಿಗೆ. ಇಬ್ಬರೂ ಬೋಧಕರು ಒಂದೇ ಮೈದಾನದಲ್ಲಿ ನಿಂತು, ಈ ಪೆಟ್ಟು ಯಾವ ಕಲಮಿನ ಕೆಳಗೆ ಸರಿ, ಇದಾದ ಮೇಲಿನ ಪೆಟ್ಟು ಏಕೆ ಅಪರಾಧ ಎಂದು ಅಲ್ಲಿಯೇ ಹೇಳುವ ಪದ್ಧತಿ ಬರಬೇಕು. ಸಾಧ್ಯವಾದರೆ ಎರಡನ್ನೂ ಬಲ್ಲ ಒಬ್ಬನನ್ನೇ ತಯಾರು ಮಾಡಬೇಕು. ಮಹಿಳಾ ಸಿಬ್ಬಂದಿಯ ಸಂಖ್ಯೆ ಏರುತ್ತಿರುವ ಕಾಲದಲ್ಲಿ, ಗಂಡಸರ ಅಳತೆಗೆ ಹೊಲಿದ ದೇಹರಕ್ಷಕ ಕವಚ ಹೆಣ್ಣುಮಕ್ಕಳ ಮೈಗೆ ಹೊಂದುವುದಿಲ್ಲ, ತೋಳು ಎತ್ತಲು ಬಿಡುವುದಿಲ್ಲ ಎಂಬುದನ್ನು ಮೊದಲು ಕಂಡು ಮೇಲಿನವರಿಗೆ ಬರೆಯಬೇಕಾದವರೂ ಬೋಧಕರೇ. ಆದ್ದರಿಂದ ಮಹಿಳಾ ಬೋಧಕರೂ ಬೇಕು.

ಈಗ ಆಕ್ಷೇಪಣೆಗಳಿಗೆ ಬರೋಣ. ನಾಗರಿಕ ಹಕ್ಕುಗಳ ಕಡೆಯಿಂದ ಬರುವ ಆಕ್ಷೇಪಣೆ ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುತ್ತದೆ. ಲಾಠಿ ಹೊಡೆಯುವುದನ್ನು ಇನ್ನಷ್ಟು ಚೆನ್ನಾಗಿ ಕಲಿಸಿದರೆ ಇನ್ನಷ್ಟು ನುರಿತ ಹೊಡೆತಗಾರರು ಸಿಗುತ್ತಾರೆ ಅಷ್ಟೆ. ಬೇಕಾಗಿರುವುದು ಲಾಠಿಯನ್ನು ಕೆಳಗಿಡಿಸುವುದು ಎಂದು ಅವರು ಹೇಳುತ್ತಾರೆ. ಲಾಸ್ ಏಂಜಲಿಸ್ ಇದಕ್ಕೂ ಉತ್ತರ ಕೊಡುತ್ತದೆ. ಕುತ್ತಿಗೆ ಅಮುಕಿ ಹಿಡಿಯುವ ಪಟ್ಟಿನಿಂದ ಸಾವುಗಳಾದ ಮೇಲೆ 1982ರಲ್ಲಿ ಅಲ್ಲಿ ಅದರ ಬಳಕೆಗೆ ಕಟ್ಟುನಿಟ್ಟಿನ ತಡೆ ಬಿತ್ತು. ತಡೆ ಸರಿಯಾದದ್ದೇ. ಆದರೆ ವಿರೋಧ ಒಡ್ಡುವವನನ್ನು ಹಿಡಿಯಲು ಬದಲಿ ವಿದ್ಯೆಯನ್ನು ಅಷ್ಟೇ ಶ್ರದ್ಧೆಯಿಂದ ಕಲಿಸದೆ ಹೋದದ್ದರಿಂದ ಆ ಜಾಗವನ್ನು ಲೋಹದ ಲಾಠಿ ತುಂಬಿತು. ಒಂಬತ್ತು ವರ್ಷದ ನಂತರ ಜಗತ್ತು ವಿಡಿಯೊದಲ್ಲಿ ನೋಡಿದ್ದು ಅದನ್ನೇ. ಸಲಕರಣೆ ಕಿತ್ತುಕೊಂಡರೆ ಹಿಂಸೆ ಹೋಗುವುದಿಲ್ಲ, ಇನ್ನೊಂದು ಸಲಕರಣೆಗೆ ವರ್ಗವಾಗುತ್ತದೆ. ಆದರೂ ಆಕ್ಷೇಪಣೆಯ ಒಂದು ಭಾಗವನ್ನು ನಾನು ಪೂರ್ತಿ ಒಪ್ಪುತ್ತೇನೆ. ಲಾಕಪ್ಪಿನಲ್ಲಿ ನಡೆಯುವ ಹಿಂಸೆ ಅಜ್ಞಾನದಿಂದ ಆಗುವುದಲ್ಲ. ಅಲ್ಲಿ ಹೊಡೆಯುವವನಿಗೆ ತಾನು ಏನು ಮಾಡುತ್ತಿದ್ದೇನೆಂದು ಗೊತ್ತಿರುತ್ತದೆ. ಬಂಧಿತರ ರಕ್ಷಣೆಗೆ ನಿಯಮ ಹಾಕಿದ ಡಿ.ಕೆ. ಬಸು ಪ್ರಕರಣದ ತೀರ್ಪು ಬಂದು ಎರಡು ದಶಕ ಕಳೆದ ಮೇಲೂ, 2020ರಲ್ಲಿ ತಮಿಳುನಾಡಿನ ಸಾತಾನ್‌ಕುಳಂನಲ್ಲಿ ಪೊಲೀಸರು ಹೊಡೆದ ತಂದೆ ಮಗ ಇಬ್ಬರೂ ಸತ್ತರು. ಅದಕ್ಕೆ ಮದ್ದು ಕ್ರಿಮಿನಲ್ ಮೊಕದ್ದಮೆ, ತರಬೇತಿಯಲ್ಲ. ತರಬೇತಿಯ ಹೆಸರು ಹೇಳಿ ಅಂಥ ಅಪರಾಧವನ್ನು ತೆಳುವಾಗಿಸಲು ಹೊರಟವರ ಜೊತೆ ನಾನಿಲ್ಲ. ನನ್ನ ವಾದದ ವ್ಯಾಪ್ತಿ ಬೀದಿ, ಬಂಧನ, ಬಂದೋಬಸ್ತು.

ಪೊಲೀಸರ ಕಡೆಯಿಂದ ಬರುವ ಆಕ್ಷೇಪಣೆ ಇದಕ್ಕೆ ತದ್ವಿರುದ್ಧ. ಹೊಡೆಯುವ ಮುನ್ನ ನೋಡು, ಯೋಚಿಸು ಎಂದು ಕಲಿಸಿದರೆ ಯೋಚಿಸುತ್ತ ನಿಂತವನ ತಲೆ ಒಡೆಯುತ್ತದೆ ಎಂಬುದು ಅವರ ಭಯ. ಭಯ ಸಹಜ, ಅದನ್ನು ಹಗುರವಾಗಿ ಕಾಣಬಾರದು. ಕಲ್ಲೇಟಿಗೆ ಕಣ್ಣು ಕಳೆದುಕೊಳ್ಳುವವನೂ ನಮ್ಮೂರಿನ ಬಡ ಮನೆಯ ಮಗನೇ. ಆದರೆ ಸಾಕ್ಷ್ಯ ಬೇರೆ ದಿಕ್ಕಿಗೆ ಬೆರಳು ತೋರುತ್ತದೆ. ಅಮೆರಿಕದ ಲೂಯಿವಿಲ್ ನಗರದಲ್ಲಿ ಸನ್ನಿವೇಶ ಆಧಾರಿತ ತಣ್ಣಗಾಗಿಸುವ ತರಬೇತಿಯನ್ನು ಹಂತಹಂತವಾಗಿ ಜಾರಿಗೆ ತಂದಾಗ ಸಿನ್ಸಿನಾಟಿ ವಿಶ್ವವಿದ್ಯಾಲಯದ ರಾಬಿನ್ ಎಂಗೆಲ್ ಮತ್ತು ಸಂಗಡಿಗರು ಅಧ್ಯಯನ ನಡೆಸಿದರು. ಬಲಪ್ರಯೋಗ ಶೇ 28ರಷ್ಟು, ನಾಗರಿಕರ ಗಾಯ ಶೇ 26ರಷ್ಟು ಕಡಿಮೆಯಾದವು. ಪೊಲೀಸರ ಗಾಯ ಅದಕ್ಕೂ ಹೆಚ್ಚಾಗಿ, ಶೇ 36ರಷ್ಟು ಇಳಿಯಿತು. ದೂರ ಕಾಯ್ದುಕೊಳ್ಳಲು, ಮರೆ ಹಿಡಿಯಲು, ಸಮಯ ಗಳಿಸಲು ಕಲಿತವರ ಮೈಗೆ ಪೆಟ್ಟು ಕಡಿಮೆ ಬೀಳುತ್ತದೆ. ಅದೇ ಲೂಯಿವಿಲ್ ಪೊಲೀಸರು 2020ರಲ್ಲಿ ಬ್ರಿಯೊನಾ ಟೇಲರ್ ಅವರನ್ನು ಅವರ ಮನೆಯಲ್ಲೇ ಗುಂಡಿಕ್ಕಿ ಕೊಂದರು ಎಂಬುದನ್ನೂ ಇಲ್ಲಿ ಹೇಳದೆ ಇರಲಾರೆ. ಒಳ್ಳೆಯ ತರಬೇತಿ ಕೆಟ್ಟ ಆದೇಶವನ್ನು ತಡೆಯುವುದಿಲ್ಲ.

ಮೂರನೆಯ ಆಕ್ಷೇಪಣೆ ಆಡಳಿತದ್ದು: ಜನ ಇಲ್ಲ, ಸಮಯ ಇಲ್ಲ. ಹುದ್ದೆಗಳು ಖಾಲಿ ಬಿದ್ದಿರುವಾಗ, ಹಬ್ಬ, ಚುನಾವಣೆ, ಜಾತ್ರೆ ಒಂದರ ಹಿಂದೊಂದು ಬರುವಾಗ, ಕಾನ್‌ಸ್ಟೆಬಲ್‌ಗಳನ್ನು ವಾರಗಟ್ಟಲೆ ತರಬೇತಿಗೆ ಕಳಿಸುವುದು ಹೇಗೆ? ಕಳಿಸಬೇಕಿಲ್ಲ. ವಾರದ ಕವಾಯತು ಈಗಲೂ ಇದೆ. ಅದರಲ್ಲಿ ಅರ್ಧ ಗಂಟೆಯನ್ನು ಮೆರವಣಿಗೆಯ ಹೆಜ್ಜೆಯಿಂದ ಬಿಡಿಸಿ ಲಾಠಿ, ಗುರಾಣಿ, ಬೇಡಿಗೆ ಕೊಟ್ಟರೆ ವರ್ಷಕ್ಕೆ 20 ಗಂಟೆಗೂ ಹೆಚ್ಚು ಆಗುತ್ತದೆ. ಆದರೆ ಆ ಅರ್ಧ ಗಂಟೆ ಉಪಯೋಗಕ್ಕೆ ಬರಬೇಕಾದರೆ ಪ್ರತಿ ಉಪವಿಭಾಗದಲ್ಲೂ ಪ್ರಮಾಣೀಕೃತ ಬೋಧಕರು ಒಬ್ಬಿಬ್ಬರಾದರೂ ಇರಬೇಕು. ಸಾವಿರಾರು ಜನರನ್ನು ಮೈಸೂರಿಗೆ ಕರೆಸುವ ಬದಲು ಕೆಲವು ನೂರು ಬೋಧಕರನ್ನು ಚೆನ್ನಾಗಿ ತಯಾರು ಮಾಡಿ ಜಿಲ್ಲೆಗಳಿಗೆ ಕಳಿಸುವುದು ಅಗ್ಗವೂ ಹೌದು, ಬೇಗವೂ ಹೌದು. ಬೋಧಕರ ತರಬೇತಿ ಎಂಬ ವಿಚಾರದ ಇಡೀ ಲಾಭ ಇರುವುದು ಈ ಗುಣಾಕಾರದಲ್ಲಿ. ಅಪಾಯವೂ ಇರುವುದು ಅಲ್ಲೇ. ಒಬ್ಬ ಬೋಧಕನ ತಪ್ಪು ಭಂಗಿ ಐನೂರು ಮಂದಿಯ ತಪ್ಪು ಭಂಗಿಯಾಗುತ್ತದೆ.

ಆದ್ದರಿಂದ ಪ್ರಮಾಣಪತ್ರಕ್ಕೆ ಅವಧಿ ಇರಬೇಕು. ಟೇಸರ್ ತಯಾರಿಸುವ ಖಾಸಗಿ ಕಂಪನಿಯೇ ತನ್ನ ಬೋಧಕರಿಗೆ ಎರಡು ವರ್ಷಕ್ಕೊಮ್ಮೆ ಪ್ರಮಾಣಪತ್ರ ನವೀಕರಿಸಿಕೊಳ್ಳಬೇಕೆಂದು ವಿಧಿಸುತ್ತದೆ. ಸರ್ಕಾರ ಅದಕ್ಕಿಂತ ಸಡಿಲವಾಗಿರಲು ಕಾರಣವಿಲ್ಲ. ಪ್ರೊಬೇಷನರನ್ನು ಯಾವ ಹಿರಿಯನ ಜೊತೆ ಹಾಕುತ್ತೇವೋ ಅವನೂ ಬೋಧಕನೇ ಎಂದು ಲೆಕ್ಕ ಹಿಡಿದು ಅವನಿಗೂ ಅದೇ ಪರೀಕ್ಷೆ ಇಡಬೇಕು. ಗಂಭೀರ ಬಲಪ್ರಯೋಗದ ದೂರು ತನಿಖೆಯಲ್ಲಿರುವವನ ಕೈಗೆ ಹೊಸಬರನ್ನು ಒಪ್ಪಿಸಬಾರದು. ಗುರಾಣಿ, ಹೆಲ್ಮೆಟ್ಟು, ಲಾಠಿಗಳ ಖರೀದಿಗೆ ಟೆಂಡರ್ ಕರೆಯುವಾಗ ಇಷ್ಟು ಸಲಕರಣೆಗೆ ಇಷ್ಟು ಬೋಧಕರು, ಇಷ್ಟು ಅಭ್ಯಾಸ ಗುರಾಣಿಗಳು, ಇಷ್ಟು ಮೆತ್ತೆಯ ಕವಚಗಳು ಎಂದು ಅದೇ ಕಡತದಲ್ಲಿ ಮಂಜೂರಾತಿ ಪಡೆಯಬೇಕು. ಬೋಧಕ ಸಿದ್ಧನಾಗುವವರೆಗೆ ಸಲಕರಣೆ ಉಗ್ರಾಣದಲ್ಲೇ ಇರಲಿ.

ಕೊನೆಯದಾಗಿ ಹೊಣೆಯ ಮಾತು. 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸಿಟಿ ಆಫ್ ಕ್ಯಾಂಟನ್ ವಿರುದ್ಧ ಹ್ಯಾರಿಸ್ ಪ್ರಕರಣದಲ್ಲಿ, ಪೊಲೀಸರಿಗೆ ತರಬೇತಿ ಕೊಡದಿರುವುದು ಜನರ ಹಕ್ಕುಗಳ ಬಗ್ಗೆ ಉದ್ದೇಶಪೂರ್ವಕ ಅಲಕ್ಷ್ಯವೆನಿಸುವಷ್ಟು ಆಗಿದ್ದರೆ ಸ್ಥಳೀಯ ಆಡಳಿತವೇ ಹೊಣೆ ಹೊರಬೇಕು ಎಂದಿತು. ನಮ್ಮ ಸುಪ್ರೀಂ ಕೋರ್ಟ್ 1983ರ ರುದುಲ್ ಸಾಹ್, 1993ರ ನೀಲಾವತಿ ಬೆಹೆರಾ ಪ್ರಕರಣಗಳಲ್ಲಿ ಮೂಲಭೂತ ಹಕ್ಕು ಮುರಿದದ್ದಕ್ಕೆ ಸರ್ಕಾರ ಪರಿಹಾರ ಕೊಡಬೇಕೆಂದು ಹೇಳಿ ದಾರಿ ತೆರೆದಿದೆ. ತೆರೆದ ಆ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಡಲು ಹೊಸ ಶಾಸನ ಬೇಕಿಲ್ಲ. ಬಲಪ್ರಯೋಗದಲ್ಲಿ ಯಾರಿಗಾದರೂ ಗಂಭೀರ ಗಾಯವಾದಾಗ ನಡೆಯುವ ಇಲಾಖಾ ವಿಚಾರಣೆಯ ನಮೂನೆಯಲ್ಲಿ ಮೂರು ಅಂಕಣ ಸೇರಿಸಿದರೆ ಸಾಕು: ಈ ಸಿಬ್ಬಂದಿ ಈ ಸಲಕರಣೆಯಲ್ಲಿ ಕೊನೆಯ ಬಾರಿ ತರಬೇತಿ ಪಡೆದ ದಿನಾಂಕ, ಕೊಟ್ಟ ಬೋಧಕನ ಹೆಸರು, ಆ ಬೋಧಕನ ಪ್ರಮಾಣಪತ್ರ ಊರ್ಜಿತವಾಗಿತ್ತೇ. ಈ ಅಂಕಣಗಳನ್ನು ತುಂಬಲು ಪ್ರತಿ ಜಿಲ್ಲೆಯೂ ತರಬೇತಿ ರಿಜಿಸ್ಟರ್ ಇಡಬೇಕಾಗುತ್ತದೆ. ಅವು ಖಾಲಿ ಉಳಿದ ಪ್ರಕರಣಗಳಲ್ಲಿ ಹೊಡೆದ ಕಾನ್‌ಸ್ಟೆಬಲ್ ಒಬ್ಬನನ್ನೇ ಅಮಾನತು ಮಾಡಿ ಕಡತ ಮುಗಿಸುವುದು ಅಲ್ಲಿಂದಾಚೆಗೆ ಯಾವ ಅಧಿಕಾರಿಗೂ ಸುಲಭವಾಗುವುದಿಲ್ಲ.